ಅಸಲಿ ಬ್ಯಾಗಿನ ಜೀರಿಗೆ ಮಚ್ಚೆ

ಮೊದಲೇ ಹೇಳಿಬಿಡುತ್ತೇನೆ, ಹರಳೆಣ್ಣೆ ಹಚ್ಚು ಅಂದವನು ನಾನೇ. ಆದರೆ ನಾನು ಹೇಳಿದ್ದು ಒಂದು ತೊಟ್ಟು. ಫಕ್ರುದ್ದೀನ್ ಅರ್ಧ ಬಟ್ಟಲು ಸುರಿದದ್ದಕ್ಕೆ ಚನ್ನಪಟ್ಟಣದ ಜನ ನನ್ನನ್ನು ಯಾಕೆ ಆಡಿಕೊಳ್ಳಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಗಂಗಹನುಮಯ್ಯ, ದಿನಸಿ ಅಂಗಡಿಯವನು. ಅಂಗಡಿಯ ಎದುರಿಗೇ ಫಕ್ರುದ್ದೀನನ ಮನೆ. ಮನೆಯ ಮುಂದಿನ ಶೆಡ್ಡಿನಲ್ಲಿ ಬೊಂಬೆ ಕಡೆಯುವ ಲೇತ್ ಮಷೀನು. ಗಿರಗಿರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾನೆ, ಅದು ಬಿಸಿಗೆ ಕರಗಿ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಕೇದಿಗೆ ಗರಿ ಒತ್ತಿದನೆಂದರೆ ಮುಖ ನೋಡಿಕೊಳ್ಳುವಷ್ಟು ಹೊಳಪು. ಕೆಲಸದಲ್ಲಿ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಅವನಿಗಿರುವ ಕಾಯಿಲೆ ಒಂದೇ. ಎಲ್ಲಾದರೂ ಒಂದು ಗೀರು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ನನ್ನ ಅಂಗಡಿಯ ಸ್ಟೂಲಿನ ಕಾಲಿಗೂ ಅರಗು, ಪೊರಕೆಯ ಹಿಡಿಗೂ ಅರಗು. ಒಮ್ಮೆ ಬೆಂಗಳೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜನ ಊರುಗೋಲಿನಲ್ಲಿ ಗೀರು ಕಂಡು, ಜೇಬಿನಿಂದ ಗರಿ ತೆಗೆದು ಬಿಡದಿ ದಾಟುವವರೆಗೂ ಉಜ್ಜಿದ್ದಾನೆ. ನಿದ್ದೆಯಿಂದೆದ್ದ ಅಜ್ಜ ತನ್ನ ಕೋಲಿನ ಗುರುತು ಸಿಗದೆ ಕಂಡಕ್ಟರನ ಹತ್ತಿರ ಜಗಳ ತೆಗೆದಿದ್ದರು.

ಇಂಥವನ ಮನೆಗೆ ಹೆಣ್ಣು ನೋಡಲು ರಾಮನಗರದಿಂದ ಬರುತ್ತಾರೆ ಅಂದರೆ ಕೇಳಬೇಕೆ? ಮಗಳು ನಿಖಾತ್ ಇಲ್ಲೇ ನರ್ಸರಿ ಸ್ಕೂಲಿನಲ್ಲಿ ಟೀಚರು. ಹುಡುಗ ವಾಸಿಂ. ಅವನ ಅಪ್ಪ ಮಕ್ಬೂಲ್ ಸಾಹೇಬರದು ರೇಷ್ಮೆ ಗೂಡು ಕೊಂಡು ನೂಲು ತೆಗೆಯುವ ಕಸುಬು. ಫಕ್ರುದ್ದೀನ್ ವಾರದ ಮುಂಚಿನಿಂದ ಬಾಗಿಲು, ಕಿಟಕಿ, ದಿವಾನದ ಕಾಲು, ಗೋಡೆಗೆ ಹೊಡೆದ ಗೂಟ ಎಲ್ಲಕ್ಕೂ ಅರಗು ಬಳಿದ. ತಾನು ದಿನಾ ಟೀ ಕುಡಿಯುವ ಬಿರುಕು ಬಿಟ್ಟ ಕಪ್ಪನ್ನು ಅಕ್ಕಿ ಡಬ್ಬದಲ್ಲಿ ಹೂತ. ಪಕ್ಕದ ಮನೆ ಅನೀಸಾಳಿಂದ ಚಿನ್ನದ ಅಂಚಿನ ಟೀ ಸೆಟ್ ತಂದ. ಬಾಯಿ ನಿಲ್ಲದ ಭಾಮೈದನನ್ನು ಏನೋ ನೆಪ ಹೇಳಿ ಮಾಗಡಿಗೆ ಸಾಗಹಾಕಿದ.

"ಮನೇಲಿ ಒಂದು ಹುಳುಕೂ ಕಾಣ್ಬಾರ್ದು ಗಂಗಣ್ಣ" ಅಂದ.

"ಹಂಗಾರೆ ನಿನ್ನ ಎಲ್ಲಿ ಬಚ್ಚಿಡಾದು?" ಅಂದೆ. ಅವನು ನಗಲಿಲ್ಲ.

ಅವರು ಬಂದರು. ಮನೆಯ ಮಾತು ಉರ್ದು, ಆದರೆ ನಾನು ಕೂತಿದ್ದರೆ ನನ್ನ ಮರ್ಯಾದೆಗೆ ಅಂತ ಎಲ್ಲರೂ ಕನ್ನಡಕ್ಕೆ ತಿರುಗುತ್ತಾರೆ. ಹುಡುಗನ ತಾಯಿ ಮುನವ್ವರಾ ಬಾಯಿ ತುಂಬ ಮಾತಾಡಿದರು. ಮಕ್ಬೂಲ್ ಸಾಹೇಬರ ತಂಗಿ ಕೆಹಕಶಾನ್ ಮಾತ್ರ ಸೂರು ನೋಡುತ್ತಾ ಕೂತಿದ್ದಳು. ಕನಕಪುರದ ತನ್ನ ಕಡೆಯ ಹುಡುಗಿಯೊಬ್ಬಳನ್ನು ವಾಸಿಂಗೆ ತರಬೇಕೆಂದು ಆಕೆಗೆ ಆಸೆ ಅನ್ನುವುದು ಆಮೇಲೆ ತಿಳಿಯಿತು. ಮಕ್ಬೂಲ್ ಸಾಹೇಬರದು ಇನ್ನೊಂದು ಥರ. ಮಾತೇ ಇಲ್ಲ. ತಟ್ಟೆಯಲ್ಲಿದ್ದ ಮಿಕ್ಸ್ಚರಿನ ತಳಕ್ಕೆ ಕೈ ಹಾಕಿ ಅಡಿಯಲ್ಲಿದ್ದದ್ದನ್ನು ತೆಗೆದು ತಿಂದರು. ದಿವಾನದ ಹಾಸಿಗೆಯ ಮೂಲೆ ಎತ್ತಿ ಕೆಳಗೆ ಬಗ್ಗಿ ನೋಡಿದರು. ಅಲ್ಲೂ ಹೊಳೆಯುತ್ತಿತ್ತು. ಹುಬ್ಬು ಗಂಟು ಹಾಕಿಕೊಂಡು ಮೂಲೆ ಬಿಟ್ಟರು.

"ಗುರುವಾರ ಬಂದು ಹೇಳ್ತೀವಿ" ಅಂತ ಎದ್ದು ಹೋದರು. ನಿಖಾತ್ ಒಳಗೆ ಹೋಗಿ ತಾಯಿಯ ಕೊರಳಿಗೆ ಜೋತುಬಿದ್ದು, "ಅಮ್ಮಿ, ನಂಗೆ ಆ ಹುಡುಗ ತುಂಬಾ ಇಷ್ಟ ಆದ. ಅವ್ರು ಬ್ಯಾಡ ಅಂದ್ರೆ ನಾನು ಅತ್ತುಬುಡ್ತೀನಿ" ಅಂದಳಂತೆ. ಅಮೀರುನ್ನೀಸಾ ಇದನ್ನು ಗಂಡನಿಗೆ ಹೇಳಿದಳು. ಫಕ್ರುದ್ದೀನ್ ನನಗೆ ಹೇಳುವಾಗ ಅವನ ಕಣ್ಣೇ ಒದ್ದೆಯಾಗಿತ್ತು.

ಅವರು ಹೋದ ಮೇಲೆ ನೋಡಿದರೆ ದಿವಾನದ ಮೇಲೆ ಮುನವ್ವರಾ ಅವರ ಬ್ಯಾಗು! ಕಂದು ಬಣ್ಣದ ಚರ್ಮದ ಬ್ಯಾಗು, ಮೇಲೊಂದು ಉರುಟಾದ ಹಿಡಿ, ಎರಡು ಕಡೆ ಬಂಗಾರದ ಬಣ್ಣದ ಬಳೆ. ಅವರ ದೊಡ್ಡ ಮಗ ಆಫ್ತಾಬ್ ದುಬೈಯಿಂದ ತಂದುಕೊಟ್ಟದ್ದು, ಇಟಲಿಯ ಮಾಲಂತೆ. ಫೋನ್ ಮಾಡಿದರೆ ಮುನವ್ವರಾ ನಕ್ಕು, "ಅಯ್ಯೋ, ಇರ್ಲಿ ಬುಡಿ, ಗುರುವಾರ ತಗೋತೀನಿ" ಅಂದರು.

ಬೀದಿಗೆ ಅಷ್ಟು ಸಾಕಾಯಿತು. "ಬ್ಯಾಗು ಬುಟ್ಟು ಹೋಗವ್ರೆ ಅಂದ್ರೆ ಒಪ್ಪಿಗೆ ಅಂತಾನೇ ಅರ್ಥ" ಅಂತ ಅನೀಸಾ ಸಾರಿದಳು.

"ಒಪ್ಪಿಗೆ ಅಲ್ಲ, ಪರೀಕ್ಷೆ" ಅಂದ ಮೊಬೈಲ್ ಅಂಗಡಿಯ ಲೋಕೇಶ್. "ವಸ್ತೂನ ಹೆಂಗ್ ಇಟ್ಕೋತಾರೆ ಅಂತ ನೋಡಾಕೆ ಬುಟ್ಟವ್ರೆ. ಮುಟ್ಬೇಡಿ."

ಮುಟ್ಟಬೇಡ ಅಂದಮೇಲೆ ಫಕ್ರುದ್ದೀನ್ ಹತ್ತಿರ ಹೋಗಿ ನೋಡಿದ. ನೋಡಿದವನು ಕಿರುಚಿಕೊಂಡ. ಹಿಡಿಯ ಮೇಲೆ, ಬಳೆಯ ಪಕ್ಕದಲ್ಲಿ, ಒಂದು ಮಚ್ಚೆ. ಜೀರಿಗೆ ಕಾಳಿನಷ್ಟು.

"ನಮ್ಮನೇಲೇ ಆಗೈತೆ! ಬೆಕ್ಕು ಉಗುರು ಹಾಕೈತೆ! ಇಲ್ಲಾ ದಿವಾನದ ಮೊಳೆ!" ಅಂತ ತಲೆ ಹಿಡಿದುಕೊಂಡ. "ಒಂದು ಬ್ಯಾಗು ಕಾಪಾಡ್ದೋರು ಮಗಳನ್ನ ಹೆಂಗ್ ಬೆಳ್ಸವ್ರೆ ಅಂತಾರೆ ಗಂಗಣ್ಣ! ಮದುವೆ ಹೋಯ್ತು!"

ಆಗ ನಾನು ಹರಳೆಣ್ಣೆಯ ವಿಷಯ ಹೇಳಿದೆ. ಚರ್ಮಕ್ಕೆ ಎಣ್ಣೆ ಒಳ್ಳೆಯದು, ನಮ್ಮ ಅಪ್ಪ ಚಪ್ಪಲಿಗೆ ಹಚ್ಚುತ್ತಿದ್ದರು. ಒಂದು ತೊಟ್ಟು ಅಂದೆ, ಈಗಲೂ ಅಷ್ಟೇ ಹೇಳುತ್ತೇನೆ. ಅರ್ಧ ಬಟ್ಟಲು ಕುಡಿದ ಹಿಡಿ ಒಂದು ಕಡೆಯಿಂದ ಕಪ್ಪಗಾಯಿತು. ಮಚ್ಚೆ ಹಾಗೇ ಇತ್ತು, ಅದಕ್ಕೀಗ ಸುತ್ತಲೂ ಒಂದು ಕೆರೆ.

ಲೋಕೇಶ್ ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದ. ಯಾವುದೋ ದೇಶದ ಹೆಂಗಸು ಬ್ಯಾಗಿಗೆ ಬಿಳಿಯದೇನನ್ನೋ ಹಚ್ಚುತ್ತಿದ್ದಳು. ಮಾತು ಯಾರಿಗೂ ಅರ್ಥವಾಗಲಿಲ್ಲ. "ಟೂತ್‌ಪೇಸ್ಟು" ಅಂತ ಲೋಕೇಶ್ ತೀರ್ಪು ಕೊಟ್ಟ. ಹಚ್ಚಿದರು. ಒಣಗಿದ ಮೇಲೆ ಹಿಡಿಗೆ ಬೂದಿ ಬಳಿದಂತಾಯಿತು, ಲವಂಗದ ವಾಸನೆ ಬೇರೆ. ಅಮೀರುನ್ನೀಸಾ ಇಬ್ಬರನ್ನೂ ನನ್ನನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಬೈದಳು. ನಾನು ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ ಅಂತ ಎದ್ದುಬಂದೆ.

ನಾನು ಬಂದದ್ದೇ ತಪ್ಪಾಯಿತು. ಮಾರನೆಯ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಲೇತ್ ಮಷೀನಿನ ಸದ್ದು ಬೇರೆ ಥರ ಕೇಳಿಸಿತು. ಹೋಗಿ ನೋಡಿದರೆ ಇಟಲಿಯ ಬ್ಯಾಗು ಹಿಡಿಯಿಲ್ಲದೆ ಮೂಲೆಯಲ್ಲಿ ಕೂತಿದೆ, ಹಿಡಿ ಲೇತಿನ ಮೇಲಿದೆ. ಹಿಡಿ ಉರುಟಾಗಿರಲೆಂದು ಒಳಗೆ ತುಂಬಿದ್ದ ಹಗ್ಗ ಎಳೆದುಹಾಕಿ, ಅದರ ಜಾಗಕ್ಕೆ ಮರದ ಕಡ್ಡಿ ತೂರಿಸಿ, ಬೊಂಬೆಯ ಕಾಲಿನಂತೆ ಗಿರಗಿರ ತಿರುಗಿಸುತ್ತಿದ್ದಾನೆ. ಕೆಂಪು ಅರಗಿಗೆ ಕರಿ ಅರಗು ಬೆರೆಸಿ ಅದೇ ಕಂದು ಬಣ್ಣ ತಂದಿದ್ದ. ಮೇಲೆ ಕೇದಿಗೆ ಗರಿ ಒತ್ತಿದ.

"ಲೇ, ಏನ್ ಮಾಡ್ತಿದ್ದೀಯಲಾ!" ಅಂದೆ.

"ನೋಡ್ಕೊ" ಅಂತ ಎತ್ತಿ ತೋರಿಸಿದ. ಮಚ್ಚೆಯೂ ಇಲ್ಲ, ಎಣ್ಣೆಯೂ ಇಲ್ಲ, ಪೇಸ್ಟೂ ಇಲ್ಲ. ಸತ್ಯ ಹೇಳಬೇಕು, ಬಲು ಚೆನ್ನಾಗಿತ್ತು. ಕಡ್ಡಿ ತೆಗೆದು, ಬೆಚ್ಚಗೆ ಮಾಡಿ, ಮೆಲ್ಲಗೆ ಬಗ್ಗಿಸಿ, ಹಗ್ಗ ತುಂಬಿ ಬಳೆಗೆ ಸೇರಿಸಿದ. ಅಮೀರುನ್ನೀಸಾ ಹೊರಗೆ ಬಂದು ನೋಡಿ, "ಇದೇನು ಬ್ಯಾಗೋ, ತೊಟ್ಟಿಲ ಗಿಲಕಿಯೋ?" ಅಂದಳು. ಅವನು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡ. ಅವತ್ತು ಅವನು ಹೊಟ್ಟೆ ತುಂಬಾ ಊಟ ಮಾಡಿದ.

ಬುಧವಾರ ಸಂಜೆ ಮುನವ್ವರಾ ಫೋನು ಬಂತು. ಅಮೀರುನ್ನೀಸಾ ಸ್ಪೀಕರಿಗೆ ಹಾಕಿದಳು.

"ಅಮೀರುನ್ನೀಸಾ, ಬ್ಯಾಗು ಜೋಪಾನವಾಗೈತಾ? ನಮ್ಮ ಕೆಹಕಶಾನ್ ಹತ್ರಾನೂ ಅಂಥದ್ದೇ ಒಂದೈತೆ, ಬೆಂಗ್ಳೂರಿನ ಡೂಪ್ಲಿಕೇಟು. ಅವಳು ನಂದೇ ಡೂಪ್ಲಿಕೇಟು ಅಂತಾಳೆ! ನಮ್ಮದರ ಹಿಡೀಲಿ ಜೀರಿಗೆಯಷ್ಟು ಒಂದು ಮಚ್ಚೆ ಐತೆ ನೋಡಿ. ಅದು ಚರ್ಮದ ಹುಟ್ಟು ಮಚ್ಚೆ. ಅದಿದ್ರೇನೇ ಅಸಲಿ ಅಂತ ಆಫ್ತಾಬ್ ಹೇಳವ್ನೆ. ನಾಳೆ ಎಲ್ಲಾರ ಮುಂದೆ ಅವಳಿಗೆ ತೋರಿಸ್ಬೇಕು. ಮಚ್ಚೆ ಐತೆ ತಾನೆ?"

ಅಮೀರುನ್ನೀಸಾ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. "ಐತೆ... ಇರದೆ ಎಲ್ಲಿ ಹೋಗ್ತೈತೆ" ಅಂದಳು, ಪಾಪ.

ಫೋನ್ ಇಟ್ಟದ್ದೇ ತಡ, ಎಲ್ಲರೂ ಒಟ್ಟಿಗೆ ಮಾತಾಡಿದರು. ಅಳಿಸಲು ಅಷ್ಟು ಪಾಡುಪಟ್ಟ ಮಚ್ಚೆಯನ್ನು ಬೆಳಗಾಗುವುದರೊಳಗೆ ಮತ್ತೆ ಹುಟ್ಟಿಸಬೇಕಾಗಿತ್ತು!

"ಅರಗು ಕೆರೆದುಬುಡು, ಒಳಗಿರಾದು ಕಾಣ್ತದೆ" ಅಂದೆ.

"ಕೆರೆದ್ರೆ ಎಣ್ಣೆ ಕಾಣ್ತದೆ, ಪೇಸ್ಟ್ ಕಾಣ್ತದೆ, ನಿನ್ ಮುಖಾನೂ ಕಾಣ್ತದೆ" ಅಂದ ಫಕ್ರುದ್ದೀನ್. ಮೇಲೆಯೇ ಹೊಸ ಮಚ್ಚೆ ಹಾಕುವುದು ಅಂತ ತೀರ್ಮಾನವಾಯಿತು. ಆದರೆ ಎಲ್ಲಿ? ಗಾಬರಿಯಲ್ಲಿ ಅವನಿಗೇ ಮರೆತುಹೋಗಿತ್ತು. ಎಡಗಡೆಯ ಬಳೆಯ ಹತ್ತಿರ ಅಂದಳು ಅಮೀರುನ್ನೀಸಾ. ನಡುವೆ ಅಂತ ಲೋಕೇಶ್ ಹಟ ಹಿಡಿದ. ನನಗೆ ಕಂಡ ಹಾಗೆ ಅದು ಹಿಡಿಯ ಕೆಳಗಿತ್ತು, ಆದರೆ ನನ್ನ ಮಾತಿಗೆ ಹರಳೆಣ್ಣೆಯ ನಂತರ ಬೆಲೆ ಇರಲಿಲ್ಲ. ಮಚ್ಚೆಯನ್ನು ಕಾಣದ ಹಾಲಿನವನೂ ಎರಡು ಮಾತು ಹೇಳಿಹೋದ.

ಆಗ ಅನೀಸಾ ಸೆರಗಿನ ತುದಿ ತಿರುಚುತ್ತಾ, "ನಂತಾವ ಒಂದು ಫೋಟೊ ಐತೆ" ಅಂದಳು. ಮುಟ್ಟಬಾರದು ಅಂತ ಲೋಕೇಶ್ ಹೇಳಿದ ದಿನವೇ, ಎಣ್ಣೆ ಬೀಳುವ ಮೊದಲು, ಯಾರೂ ಇಲ್ಲದಾಗ ಬ್ಯಾಗನ್ನು ಎದೆಗೆ ಹಿಡಿದು ಸೆಲ್ಫಿ ತೆಗೆದುಕೊಂಡಿದ್ದಳು. ದೊಡ್ಡದು ಮಾಡಿ ನೋಡಿದರೆ ಮಚ್ಚೆ ಸ್ಪಷ್ಟವಾಗಿ ಬಲಗಡೆ!

"ನೋಡ್ದಾ? ಎಡಗಡೆ ಅಂತೆ, ಎಡಗಡೆ!" ಅಂತ ಫಕ್ರುದ್ದೀನ್ ಹೆಂಡತಿಯ ಮೇಲೆ ಗೆದ್ದ ಖುಷಿಯಲ್ಲಿ ಮಷೀನಿನ ಮುಂದೆ ಕೂತ. ಕಾದ ಸೂಜಿಯಿಂದ, ಉಸಿರು ಬಿಗಿಹಿಡಿದು, ಬಲಗಡೆ ಒಂದು ಜೀರಿಗೆ ಮೂಡಿಸಿದ. ಎಂಥಾ ಜೀರಿಗೆ ಅಂದರೆ ನನ್ನ ಅಂಗಡಿಯ ಡಬ್ಬಕ್ಕೆ ಹಾಕಬಹುದಿತ್ತು.

ಗುರುವಾರ ಅವರು ಬಂದರು. ಊರಿನ ಹಿರಿಯ ಅಂತ ನನ್ನನ್ನೂ ಕೂರಿಸಿದ್ದರು. ಅಮೀರುನ್ನೀಸಾ ಬ್ಯಾಗಿನ ಮೇಲಿನ ಬಟ್ಟೆ ತೆಗೆದಳು. ಮುನವ್ವರಾ ಗೆಲುವಿನಿಂದ, "ನೋಡು ಕೆಹಕಶಾನ್, ಅಸಲಿ ಮಚ್ಚೆ!" ಅಂತ ಬೆರಳಿಟ್ಟರು.

ಕೆಹಕಶಾನ್ ತನ್ನ ಬ್ಯಾಗನ್ನು ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡಳು. ಬಗ್ಗಿದಳು. ಮೇಲೆದ್ದಳು.

"ಭಾಭಿ, ನಿಮ್ಮ ಮಚ್ಚೆ ಎಡಗಡೆ ಅಲ್ವಾ? ಒಂದು ವರ್ಷದಿಂದ ನನ್ನ ಮೂಗಿನ ಮುಂದೆ ಹಿಡಿದು ಹಿಡಿದು ತೋರ್ಸಿದ್ದೀರಿ, ನಂಗೆ ಗೊತ್ತಿಲ್ವಾ?"

ಮುನವ್ವರಾ ಮುಖ ಬಿಳಿಚಿಕೊಂಡಿತು. ಎಡಗಡೆ ನೋಡಿದರು, ಬಲಗಡೆ ನೋಡಿದರು. "ಹೌದು... ಎಡಗಡೆನೇ" ಅಂದರು.

ಅನೀಸಾ ಬಾಗಿಲ ಮರೆಯಲ್ಲಿ ನಿಂತು ಮೊಬೈಲ್ ತೆಗೆದು ನೋಡಿಕೊಂಡಳು. ಫೋಟೊದಲ್ಲಿ ಅವಳ ಮೂಗುಬೊಟ್ಟೂ ತಪ್ಪು ಕಡೆಗಿತ್ತು! ಸೆಲ್ಫಿ ಕನ್ನಡಿಯ ಹಾಗೆ ಎಡವನ್ನು ಬಲ ಮಾಡುತ್ತದೆ ಅನ್ನುವುದು ಮೊಬೈಲ್ ಮಾರುವ ಲೋಕೇಶನಿಗಾದರೂ ಹೊಳೆಯಬಾರದಿತ್ತೆ? ಅವನು ನಿಧಾನವಾಗಿ ನನ್ನ ಬೆನ್ನ ಹಿಂದೆ ಸರಿದ.

"ಡೂಪ್ಲಿಕೇಟ್ ಬ್ಯಾಗು, ಅದಕ್ಕೊಂದು ಡೂಪ್ಲಿಕೇಟ್ ಮಚ್ಚೆ!" ಕೆಹಕಶಾನ್ ಧ್ವನಿ ಬೀದಿಗೆ ಕೇಳಿಸಿತು. "ಅಸಲಿ ಎತ್ತಿಟ್ಕೊಂಡು ನಕಲಿ ಕೊಡ್ತಾವ್ರೆ! ಬ್ಯಾಗೇ ಬದಲಾಯ್ಸೋ ಜನ, ನಿಕಾಹ್ ದಿನ ಹುಡುಗೀನೇ ಬದಲಾಯ್ಸಲ್ಲ ಅಂತ ಏನ್ ಗ್ಯಾರಂಟಿ?"

"ಇಲ್ಲಮ್ಮ, ಅದು ಏನಾಯ್ತು ಅಂದ್ರೆ, ಬೆಕ್ಕು, ಅಲ್ಲ, ಹರಳೆಣ್ಣೆ..." ಅಂತ ಫಕ್ರುದ್ದೀನ್ ಎದ್ದ. ಹರಳೆಣ್ಣೆಯ ಹೆಸರು ಬಂದಾಗ ನಾನು ಕೆಮ್ಮಿದೆ. ಯಾರೂ ಅವನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಳಗಿನ ಪರದೆಯ ಹಿಂದೆ ನಿಖಾತ್ ಬಿಕ್ಕಿದ್ದು ಕೇಳಿಸಿತು. ವಾಸಿಂ ಕೂಡ ಕೇಳಿಸಿಕೊಂಡ. ಅವನು ಬೇಡುವವನ ಹಾಗೆ ಅಪ್ಪನ ಕಡೆ ನೋಡಿದ.

ಮಕ್ಬೂಲ್ ಸಾಹೇಬರು ಎದ್ದುನಿಂತರು. ಮುಗಿಯಿತು, ಹೊರಟರು ಅಂದುಕೊಂಡೆ. ಅವರು ಹೆಂಡತಿಯ ಕೈಯಿಂದ ಬ್ಯಾಗು ತೆಗೆದುಕೊಂಡು, ಮಾರ್ಕೆಟ್ಟಿನಲ್ಲಿ ಗೂಡು ಅಮುಕಿ ನೋಡುವ ಹಾಗೆ ಹೆಬ್ಬೆರಳಿನಿಂದ ಹಿಡಿಯನ್ನು ಅಮುಕಿದರು.

ಚಟ್ ಅಂತು.

ಇನ್ನೊಮ್ಮೆ ಅಮುಕಿದರು. ಚಟಚಟ ಅಂತ ಕಂದು ಚೂರುಗಳು ಅವರ ಪಾದದ ಮೇಲೆ, ಚಾಪೆಯ ಮೇಲೆ, ಕೆಹಕಶಾನಳ ಕರ್ಜಿಕಾಯಿಯ ತಟ್ಟೆಗೆ ಉದುರಿದವು. ಅರಗಿನ ಕೆಳಗೆ ಎಣ್ಣೆಯ ಕೆರೆ ಕಂಡಿತು, ಟೂತ್‌ಪೇಸ್ಟಿನ ಬಿಳಿ ಕಂಡಿತು, ಲವಂಗದ ವಾಸನೆ ಬಂತು. ಇವೆಲ್ಲದರ ನಡುವೆ, ಎಡಗಡೆಯ ಬಳೆಯ ಪಕ್ಕದಲ್ಲಿ, ಏನೂ ಆಗದವರ ಹಾಗೆ ಆ ಜೀರಿಗೆ ಮಚ್ಚೆ ಕೂತಿತ್ತು.

ಆಗ ಎಲ್ಲರೂ ಫಕ್ರುದ್ದೀನನ ಕಡೆ ತಿರುಗಿದರು. ಅವನು ಒಂದೇ ಉಸಿರಿಗೆ ಎಲ್ಲ ಒದರಿದ. ಬೆಕ್ಕಿನ ಮೇಲಿನ ಅನುಮಾನ, ನನ್ನ ಎಣ್ಣೆ, ಲೋಕೇಶನ ಪೇಸ್ಟು, ತನ್ನ ಲೇತು, ಅನೀಸಾಳ ಸೆಲ್ಫಿ, ಸೂಜಿ. ಕೊನೆಗೆ, "ನನ್ನ ಮಗಳಿಗೆ ನಿಮ್ಮ ಹುಡುಗ ಮನಸಿಗೆ ಬಂದವ್ನೆ ಸಾಹೇಬ್ರೆ. ಒಂದು ಗೀರಿನಿಂದ ತಪ್ಪೋದ್ರೆ ಅಂತ ಹೆದ್ರಿಬುಟ್ಟೆ" ಅಂದ. ಪರದೆಯ ಹಿಂದಿನ ಬಿಕ್ಕು ಥಟ್ಟನೆ ನಿಂತಿತು. ವಾಸಿಂ ಕಿವಿ ಕೆಂಪಾಯಿತು.

ಮಕ್ಬೂಲ್ ಸಾಹೇಬರು ಬ್ಯಾಗನ್ನು ಹೆಂಡತಿಗೆ ಕೊಟ್ಟು ಕೂತರು. ಅವರು ಅಷ್ಟು ಮಾತಾಡಿದ್ದನ್ನು ಅವರ ಮನೆಯವರೂ ಕೇಳಿರಲಿಲ್ಲವಂತೆ.

"ನಿಜ ಹೇಳ್ತೀನಿ ಫಕ್ರುದ್ದೀನ್ ಭಾಯಿ. ಇವತ್ತು ನಾವು ಬ್ಯಾಡ ಅನ್ನೋಕೇ ಬಂದಿದ್ವಿ."

ಅಮೀರುನ್ನೀಸಾ ಗೋಡೆ ಹಿಡಿದುಕೊಂಡಳು.

"ಗೂಡಿನ ಮಾರ್ಕೆಟ್ಟಲ್ಲಿ, ಮೇಲುಗಡೆ ಎಲ್ಲಾ ಒಳ್ಳೆ ಗೂಡೇ ಕಂಡ್ರೆ ನಂಗೆ ಭಯ. ಮೊಣಕೈ ಮಟ್ಟ ಕೈ ತೂರ್ಸಿ ತಳದ್ದು ತೆಗೆದು ನೋಡ್ತೀನಿ. ಅವತ್ತು ನಿಮ್ಮನೇಲಿ ಬಾಗಿಲು ಹೊಳೀತೈತೆ, ಟೀ ಕಪ್ಪು ಹೊಳೀತೈತೆ, ದಿವಾನದ ಅಡಿಗೂ ಪಾಲೀಶು! ಒಂದಾದ್ರೂ ಹುಳುಕು ಬ್ಯಾಡ್ವಾ? ಏನೋ ದೊಡ್ಡದೇ ಮುಚ್ಚಿಟ್ಟವ್ರೆ ಅಂತ ನಾಕು ದಿನ ನಿದ್ದೆ ಬರ್ನಿಲ್ಲ." ಅವರು ಚಾಪೆಯ ಮೇಲಿನ ಚೂರುಗಳನ್ನು ನೋಡಿದರು. "ಈಗ ತಳ ಸಿಕ್ತು. ಹುಡುಗಿ ಅಪ್ಪಂಗೆ ಒಸಿ ಬುದ್ಧಿ ಕಮ್ಮಿ. ಇಷ್ಟೇ ತಾನೆ?"

"ಇಷ್ಟೇ!" ಅಂತ ಅಮೀರುನ್ನೀಸಾ ಕೂಗಿದಳು. "ಅಲ್ಲಾನ ಆಣೆಗೂ ಇಷ್ಟೇ! ಬೇರೆ ಏನೂ ಇಲ್ಲ!"

"ನಾನು ಬೇಕಾದ್ರೆ ಬರೆದುಕೊಡ್ತೀನಿ" ಅಂದೆ ನಾನು.

"ಹಂಗಾರೆ ನಮಗೆ ಒಪ್ಪಿಗೆ" ಅಂದರು ಮಕ್ಬೂಲ್ ಸಾಹೇಬರು. ಪರದೆಯ ಹಿಂದೆ ಬಳೆ ಸದ್ದಾಯಿತು. ಫಕ್ರುದ್ದೀನ್ ದಿವಾನದ ಮೇಲೆ ಕುಸಿದು ಕೂತು ಜೋರಾಗಿ ಅತ್ತ. ನಾಲ್ಕು ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ಇಡೀ ಬೀದಿಯೇ ಬಿಟ್ಟಂತಾಯಿತು. ನನಗೂ ಎದೆ ಹಗುರವಾಗಿ ಕಣ್ಣು ಒರೆಸಿಕೊಂಡೆ.

ಮುನವ್ವರಾ ಬ್ಯಾಗನ್ನು ತಿರುಗಿಸಿ ನೋಡುತ್ತಿದ್ದರು. ಬಲಗಡೆ ಅರಗು ಇನ್ನೂ ಗಟ್ಟಿಯಾಗಿತ್ತು, ಸೂಜಿಯ ಜೀರಿಗೆಯೂ ಅದರ ಮೇಲೆ ಹಾಗೇ ಇತ್ತು. ಬೈಯುತ್ತಾರೆ ಅಂದುಕೊಂಡರೆ ಅವರು ನಾದಿನಿಯ ಕಡೆ ತಿರುಗಿ, "ನೋಡ್ಕೊ ಕೆಹಕಶಾನ್, ಎರಡು ಮಚ್ಚೆ. ಈಗ ಡಬಲ್ ಅಸಲಿ!" ಅಂದರು. ವಾಸಿಂ ನಕ್ಕ, ಪರದೆಯ ಹಿಂದೆಯೂ ಒಂದು ನಗು ಕೇಳಿಸಿತು.

ಇಲ್ಲಿ ಒಂದು ಮಾತು ದಾಖಲಾಗಬೇಕು. ಎಣ್ಣೆ ಕುಡಿದ ಚರ್ಮದ ಮೇಲೆ ಅರಗು ನಿಲ್ಲುವುದಿಲ್ಲ ಅಂತ ಆಮೇಲೆ ಫಕ್ರುದ್ದೀನನೇ ಒಪ್ಪಿಕೊಂಡ. ಎಣ್ಣೆ ಬಿದ್ದ ಎಡಗಡೆ ಮಾತ್ರ ಉದುರಿತು, ನೋಡಿ. ಅಂದರೆ ನನ್ನ ಹರಳೆಣ್ಣೆ ಇಲ್ಲದಿದ್ದರೆ ಅರಗು ಉದುರುತ್ತಿರಲಿಲ್ಲ, ಮಚ್ಚೆ ಕಾಣುತ್ತಿರಲಿಲ್ಲ, ಮದುವೆಯೂ ಆಗುತ್ತಿರಲಿಲ್ಲ. ಇದನ್ನು ಚನ್ನಪಟ್ಟಣದಲ್ಲಿ ಯಾರಾದರೂ ಹೇಳುತ್ತಾರೆಯೇ? ಇಲ್ಲ.

ಎಲ್ಲರ ಬಾಯಿಗೂ ಸಕ್ಕರೆ ಬೀಳುತ್ತಿರುವ ಗದ್ದಲದಲ್ಲಿ ಕೆಹಕಶಾನ್ ಫಕ್ರುದ್ದೀನನ ಹತ್ತಿರ ಬಂದಳು. ಆ ಕಡೆ ಈ ಕಡೆ ನೋಡಿ, ತನ್ನ ಬ್ಯಾಗನ್ನು ದುಪಟ್ಟಾದ ಕೆಳಗಿನಿಂದ ಸ್ವಲ್ಪವೇ ಹೊರತೆಗೆದು, "ಭಾಯಿ, ಆ ಸೂಜಿ ಇನ್ನೂ ಐತಾ? ನಂದಕ್ಕೂ ಒಂದು ಹಾಕ್ಕೊಡಿ. ಎಡಗಡೆಗೆ" ಅಂತ ಪಿಸುಗುಟ್ಟಿದಳು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಲಿಲ್ಲ ಅಂತ ಮುಖ ಮಾಡಿದೆ.

ಅಷ್ಟರಲ್ಲಿ ಟೀ ಬಂತು. ಅನೀಸಾಳ ಟೀ ಸೆಟ್ಟನ್ನು ಮತ್ತೆ ಕೇಳಿ ತರುವುದು ಗಾಬರಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಅಮೀರುನ್ನೀಸಾ ಸಿಕ್ಕಿದ ಕಪ್ಪುಗಳಲ್ಲೆಲ್ಲ ಸುರಿದು ತಂದಿದ್ದಳು. ಮಕ್ಬೂಲ್ ಸಾಹೇಬರ ಕೈಗೆ ಬಂದದ್ದು ಅಕ್ಕಿ ಡಬ್ಬದಿಂದ ಎದ್ದ ಆ ಬಿರುಕು ಕಪ್ಪು. ಅವರು ಅದನ್ನು ಸುತ್ತ ತಿರುಗಿಸಿ ನೋಡಿದರು, ಬಿರುಕಿನ ಉದ್ದಕ್ಕೂ ಬೆರಳು ಆಡಿಸಿದರು. ತೃಪ್ತಿಯಿಂದ ತಲೆದೂಗಿ ಒಂದು ಗುಟುಕು ಕುಡಿದರು.

ಫಕ್ರುದ್ದೀನನ ಕಣ್ಣು ಆ ಬಿರುಕಿನ ಮೇಲೆ ಬಿತ್ತು. ಅವನ ಬಲಗೈ ಮೆಲ್ಲಗೆ ಜೇಬಿನಲ್ಲಿದ್ದ ಕೇದಿಗೆ ಗರಿಯ ಕಡೆ ಹೊರಟಿತು. ಪರದೆ ಸರಿಸಿ ಬಂದ ನಿಖಾತ್ ಅಪ್ಪನ ಪಕ್ಕದಲ್ಲಿ ಕೂತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಬೀಗರು ಟೀ ಕುಡಿದು ಮುಗಿಸುವವರೆಗೂ ಬಿಡಲಿಲ್ಲ.